ಮನೆ ಕಂಪ್ಯೂಟರಿಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಬೇಕಾ?

ನಾಪೋಕ್ಲು ತೋಟದಮನೆ:
ನಮ್ಮಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, 4 ಜಿಬಿ ರ‍್ಯಾಮ್. ಆಳುಗಳ ಹಾಜರಿ, ಕಾಫಿ ಮೆಣಸು ಮಾರಿದ ಲೆಕ್ಕ, ಮಗಳ ಪ್ರಾಜೆಕ್ಟ್, ಮನೆಯವರ ಬ್ಯಾಂಕ್ ಕೆಲಸ ಎಲ್ಲ ಅದರಲ್ಲೇ. ಅಂಗಡಿಯವರು ಹಾಕಿಕೊಟ್ಟಿದ್ದ ಆಂಟಿವೈರಸ್ ಅವಧಿ ಮುಗಿದು ಎರಡು ತಿಂಗಳಾಯಿತು. ದಿನಾ ಬೆಳಿಗ್ಗೆ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಅಂತ ಕೆಂಪಗೆ ಬರುತ್ತದೆ. ಅಂಗಡಿಯಲ್ಲಿ ಕೇಳಿದರೆ ಮೂರು ವರ್ಷದ್ದು ತಗೊಳ್ಳಿ, ಅದೇ ಲಾಭ ಅಂದರು. ಮಳೆಗಾಲದಲ್ಲಿ ನಮಗೆ ವಾರಗಟ್ಟಲೆ ನೆಟ್ ಇರುವುದಿಲ್ಲ. ಆಗ ಇದೆಲ್ಲ ಕೆಲಸ ಮಾಡುತ್ತದಾ? ಬಳಸಿದವರು ಹೇಳಿ.

ಗೋಣಿಕೊಪ್ಪ ರಿಪೇರಿಯವ:
ಅಕ್ಕ, ಹನ್ನೊಂದು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನು ನಾನು. ಆಂಟಿವೈರಸ್ ಮಾರಿ ಕಮಿಷನ್ ತಿಂದವನೂ ಹೌದು. ಈಗ ಅಂಗಡಿ ಇಲ್ಲ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ನಿಮಗೆ ಆ ಮೂರು ವರ್ಷದ್ದು ಬೇಡ.

ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಅನ್ನುವ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಶುರುವಿನಲ್ಲಿ ಅದನ್ನು ನಾವೇ ನಗಾಡುತ್ತಿದ್ದೆವು. ಈಗ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ನಡೆಸುವ ಪರೀಕ್ಷೆಗಳಲ್ಲಿ ದುಡ್ಡಿನವುಗಳ ಸಾಲಿನಲ್ಲೇ ನಿಲ್ಲುತ್ತದೆ. ಆದರೆ ಬೇರೆ ಆಂಟಿವೈರಸ್ ಹಾಕಿದರೆ ಇದು ಸುಮ್ಮನೆ ಪಕ್ಕಕ್ಕೆ ಸರಿದು ಕೂರುತ್ತದೆ. ಅವಧಿ ಮುಗಿದದ್ದನ್ನು ಹಾಗೇ ಬಿಟ್ಟುಕೊಂಡವರ ಎಷ್ಟೋ ಮೆಷಿನ್‌ಗಳನ್ನು ನಾನು ನೋಡಿದ್ದೇನೆ. ಹಳೇ ಕಾವಲುಗಾರ ಕುರ್ಚಿ ಬಿಟ್ಟಿಲ್ಲ, ಹೊಸಬ ಒಳಗೆ ಬಂದಿಲ್ಲ, ಹಾಗಾಗಿರುತ್ತದೆ. ಅದಕ್ಕೇ ಮೊದಲು ಆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಒಮ್ಮೆ ರೀಸ್ಟಾರ್ಟ್ ಕೊಡಿ. ಆಮೇಲೆ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಡಿಫೆಂಡರ್ ಆನ್ ಆಗಿದೆಯಾ ನೋಡಿ. ಸಾಮಾನ್ಯವಾಗಿ ತಾನೇ ಆಗಿರುತ್ತದೆ. ಎರಡೆರಡು ಆಂಟಿವೈರಸ್ ಮಾತ್ರ ಹಾಕಬೇಡಿ, 4 ಜಿಬಿ ರ‍್ಯಾಮಿನ ಮೆಷಿನ್ ಏದುಸಿರು ಬಿಡುತ್ತದೆ.

ನನಗೆ ನಿಮ್ಮ ಆಂಟಿವೈರಸ್‌ಗಿಂತ ವಿಂಡೋಸ್ 10ರದ್ದೇ ಜಾಸ್ತಿ ಯೋಚನೆ. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಡಿಫೆಂಡರ್‌ನ ವೈರಸ್ ಪಟ್ಟಿಯನ್ನು 2028ರ ಅಕ್ಟೋಬರ್‌ವರೆಗೂ ಕೊಡುತ್ತೇವೆ ಅಂದಿದ್ದಾರೆ, ಸರಿ. ಆದರೆ ವಿಂಡೋಸ್‌ನದೇ ತೂತುಗಳನ್ನು ಮುಚ್ಚುವುದು ಬೇರೆ ಕೆಲಸ. ಬೇಲಿ ಹರಿದ ತೋಟಕ್ಕೆ ನಾಯಿ ಕಟ್ಟಿದ ಹಾಗೆ ಆಗುತ್ತದೆ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವಾನಾಕ್ರೈ ವೈರಸ್ ನೆನಪಿದೆಯಾ? ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ದಾಳಿ ಆಗಿದ್ದು ಮೇ 12ಕ್ಕೆ. ಎರಡು ತಿಂಗಳು ಅಪ್‌ಡೇಟ್ ಮಾಡದೆ ಕೂತವರೇ ಸಿಕ್ಕಿಬಿದ್ದರು. ಮನೆ ಬಳಕೆಯ ವಿಂಡೋಸ್ 10ಕ್ಕೆ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿದ್ದಾರೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಡಿ. ಮೆಷಿನ್‌ಗೆ ಯೋಗ್ಯತೆ ಇದ್ದರೆ 11ಕ್ಕೆ ಹೋಗುವುದೇ ಸರಿ. ಹಳೇ ಪ್ರೊಸೆಸರ್ ಆದರೆ ಅದು ಆಗುವುದಿಲ್ಲ.

ಸೋಮವಾರಪೇಟೆ ಮೇಷ್ಟ್ರು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ವೈರಸ್ ನೆಟ್‌ನಿಂದ ಬರುವುದಕ್ಕಿಂತ ಜೆರಾಕ್ಸ್ ಅಂಗಡಿಯಿಂದ ಬರುವುದೇ ಹೆಚ್ಚು. ಸಂತೆ ದಿನ ಪೆನ್‌ಡ್ರೈವ್ ತಗೊಂಡು ಹೋಗಿ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸಿದೆ. ಮನೆಗೆ ಬಂದು ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್! ಹತ್ತು ವರ್ಷದ ಪಾಠದ ಟಿಪ್ಪಣಿ ಹೋಯಿತು ಅಂತ ನನಗೆ ಕೈಕಾಲು ಆಡಲಿಲ್ಲ. ಫಾರ್ಮ್ಯಾಟ್ ಮಾಡಿ ಅಂದ ಒಬ್ಬ. ಪುಣ್ಯಕ್ಕೆ ಮಾಡಲಿಲ್ಲ.

ಆ ವೈರಸ್ ಫೈಲ್ ಅಳಿಸುವುದಿಲ್ಲ, ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನಾವು ಅದನ್ನು ಒತ್ತಿದರೆ ಕಂಪ್ಯೂಟರಿಗೂ ಹತ್ತಿಕೊಳ್ಳುತ್ತದೆ. ಒತ್ತದೆ, ಡ್ರೈವ್ ಮೇಲೆ ಬಲ ಗುಂಡಿ ಅದುಮಿ ಡಿಫೆಂಡರ್‌ನಿಂದ ಸ್ಕ್ಯಾನ್ ಕೊಟ್ಟೆ. ಆಮೇಲೆ ಬಚ್ಚಿಟ್ಟ ಫೈಲ್ ಮತ್ತು ಸಿಸ್ಟಂ ಫೈಲ್ ತೋರಿಸುವ ಆಯ್ಕೆ ಒತ್ತಿದೆ. ಎಲ್ಲವೂ ಅಲ್ಲೇ ಇತ್ತು. ಈಗ ಪ್ರಿಂಟ್‌ಗೆ ಅಂತಲೇ ಒಂದು ಖಾಲಿ ಪೆನ್‌ಡ್ರೈವ್ ಬೇರೆ ಇಟ್ಟಿದ್ದೇನೆ. ಪ್ರಿಂಟ್ ಆದ ಮೇಲೆ ಅದನ್ನು ಮನೆಯಲ್ಲಿ ತೆರೆಯುವುದೇ ಇಲ್ಲ, ನೇರ ಫಾರ್ಮ್ಯಾಟ್.

ಮಡಿಕೇರಿ ಗೃಹಿಣಿ:
ನಾನು ದುಡ್ಡು ಕೊಟ್ಟೇ ಹಾಕಿಸಿದ್ದೇನೆ, ಬೈಯಬೇಡಿ. ಮಾವನಿಗೆ ಎಪ್ಪತ್ತೆರಡು. ಬಂದ ಲಿಂಕ್ ಎಲ್ಲ ಒತ್ತುತ್ತಾರೆ. ನಮ್ಮದು ಪೆನ್‌ಡ್ರೈವ್ ಹಾಕಿದ ತಕ್ಷಣ ತಾನೇ ಸ್ಕ್ಯಾನ್ ಮಾಡುತ್ತದೆ, ಕಳ್ಳ ಬ್ಯಾಂಕ್ ಪುಟ ತೆರೆಯಲು ಬಿಡುವುದಿಲ್ಲ. ಪುಣೆಯ ಕ್ವಿಕ್‌ ಹೀಲ್, ಚೆನ್ನೈನ ಕೆ7 ಎರಡೂ ನಮ್ಮ ದೇಶದವೇ, ಅವನ್ನೂ ನೋಡಬಹುದು. ಮೆಷಿನ್ ಸ್ವಲ್ಪ ನಿಧಾನ ಆಗಿದ್ದು ನಿಜ. ಒಂದು ಎಚ್ಚರಿಕೆ: ಮೊದಲ ವರ್ಷದ ರಿಯಾಯಿತಿ ಬೆಲೆ ನೋಡಿ ಮರುಳಾಗಬೇಡಿ, ರಿನ್ಯೂವಲ್‌ಗೆ ಎಷ್ಟು ಅಂತ ಕೇಳಿ. ಕಾರ್ಡ್‌ನಿಂದ ತಾನೇ ಹಣ ಕಡಿತ ಆಗುವ ಆಯ್ಕೆಯನ್ನು ಆವತ್ತೇ ತೆಗೆದುಬಿಡಿ.

ಗೋಣಿಕೊಪ್ಪ ರಿಪೇರಿಯವ:
ಮೇಡಂ, ನಿಮ್ಮ ಮಾವನಂಥವರಿಗೆ ಅದು ಸರಿಯೇ. ಫ್ರೀ ಅಂತ ಸಿಕ್ಕಿದ್ದನ್ನೆಲ್ಲ ಹಾಕುವುದಕ್ಕಿಂತ ವಾಸಿ. ಫ್ರೀಯಾಗಿಯೂ ಸಿಗುವ ಅವಾಸ್ಟ್ ಆಂಟಿವೈರಸ್ ಬಳಸುವವರು ಏನೇನು ನೋಡುತ್ತಾರೆ ಅನ್ನುವ ಮಾಹಿತಿಯನ್ನು ಮಾರಿದ್ದಕ್ಕೆ 2024ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆ ಕಂಪನಿಗೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು.

ವಿರಾಜಪೇಟೆ ಹೋಂಸ್ಟೇ:
ನನ್ನ ಕಥೆ ಕೇಳಿ. ನಮ್ಮಲ್ಲಿ ದುಡ್ಡು ಕೊಟ್ಟ ಆಂಟಿವೈರಸ್ಸೇ ಇತ್ತು. ಅಕ್ಕನ ಮಗ ರಜೆಗೆ ಬಂದವನು ಫೋಟೋ ತಿದ್ದುವ ಸಾಫ್ಟ್‌ವೇರ್ ಬೇಕು ಅಂತ ಎಲ್ಲಿಂದಲೋ ಕ್ರ್ಯಾಕ್ ಮಾಡಿದ್ದನ್ನು ಇಳಿಸಿದ. ಅದರ ಜೊತೆ ಬಂದ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’. ಹುಡುಗ ವಿಧೇಯ, ಮಾಡಿದ! ರಾತ್ರಿ ಊಟಕ್ಕೆ ಎದ್ದು ವಾಪಸ್ ಬರುವಷ್ಟರಲ್ಲಿ ಎಲ್ಲ ಫೈಲ್‌ಗಳ ಹೆಸರಿನ ಬಾಲ ಬದಲಾಗಿತ್ತು. ಒಂದೂ ತೆರೆಯಲಿಲ್ಲ. ಪ್ರತಿ ಫೋಲ್ಡರ್‌ನಲ್ಲಿ ಒಂದು ಚೀಟಿ, ಡಾಲರ್ ಕಳಿಸು ಅಂತ. ಆರು ವರ್ಷದ ಬುಕಿಂಗ್ ಲೆಕ್ಕ, ತಂಗಿ ಮದುವೆ ಫೋಟೋ, ಅಪ್ಪನ ಕೊನೆಯ ಹುತ್ತರಿಯ ವಿಡಿಯೋ.

ದುಡ್ಡು ಕಳಿಸಲಿಲ್ಲ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್‌ನವರು ಸೇರಿ 2016ರಲ್ಲಿ ಶುರು ಮಾಡಿದ ‘ನೋ ಮೋರ್ ರಾನ್ಸಮ್’ ಅನ್ನುವ ತಾಣ ಇದೆ, ಕೆಲವು ಬೀಗಗಳಿಗೆ ಪುಕ್ಕಟೆ ಕೀಲಿ ಸಿಗುತ್ತದೆ. ನಮ್ಮ ಬೀಗಕ್ಕೆ ಸಿಗಲಿಲ್ಲ. ಆ ಹಾರ್ಡ್‌ಡಿಸ್ಕ್ ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದೇನೆ, ಮುಂದೆ ಯಾವತ್ತಾದರೂ ಸಿಕ್ಕಿದರೆ ಅಂತ. ಅಪ್ಪನ ವಿಡಿಯೋ ಒಂದು ಮಾತ್ರ ಭಾವನ ಫೋನಿನಲ್ಲಿ ಸಿಕ್ಕಿತು.

ಅಕ್ಕ, ಮೂರು ವರ್ಷದ ಆಂಟಿವೈರಸ್‌ಗೆ ಕೊಡುವ ದುಡ್ಡನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ. ತಿಂಗಳಿಗೊಮ್ಮೆ ಲೆಕ್ಕ, ಫೋಟೋ ಅದಕ್ಕೆ ಕಾಪಿ ಮಾಡಿ. ಮಾಡಿದ ಮೇಲೆ ವೈರ್ ಕಿತ್ತುಬಿಡಿ, ಅದು ಮುಖ್ಯ. ಸಿಕ್ಕಿಸಿಯೇ ಇಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ನಮ್ಮ ಮಳೆಗಾಲದಲ್ಲಿ ಬೆಲ್ಟು ಚಪ್ಪಲಿಗೇ ಬೂಷ್ಟು ಹಿಡಿಯುತ್ತದಲ್ವಾ? ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿ ಜೊತೆ ಬರುವ ತೇವ ಹೀರುವ ಪೊಟ್ಟಣ ನಾಲ್ಕು ಹಾಕಿ ಇಡಿ.

ಕುಶಾಲನಗರ:
ಆ ಕೆಂಪು ಅಕ್ಷರ ಯಾರು ತೋರಿಸುತ್ತಿದ್ದಾರೆ ಅಂತ ಮೊದಲು ನೋಡಿ. ಆಂಟಿವೈರಸ್‌ದಾ, ಬ್ರೌಸರ್‌ದಾ? ಅದರಲ್ಲಿ ಫೋನ್ ನಂಬರ್ ಇದ್ದರೆ ಖಂಡಿತ ಕಳ್ಳರದ್ದು, ಮೈಕ್ರೋಸಾಫ್ಟ್‌ನ ಎಚ್ಚರಿಕೆಯಲ್ಲಿ ನಂಬರ್ ಇರುವುದೇ ಇಲ್ಲ. ನಮ್ಮ ಪಕ್ಕದ ಮನೆಯವರು ಅಂಥ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ಸ್ಕ್ರೀನ್ ನೋಡುವ ಆ್ಯಪ್ ಹಾಕಿಕೊಂಡು, ಖಾತೆಯಿಂದ ಹಣ ಕಳೆದುಕೊಂಡರು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಿಂದ ಒಂದಿಷ್ಟು ತಡೆಹಿಡಿದರು. ಮರುದಿನ ನೋಡೋಣ ಅಂತ ಕೂತಿದ್ದರೆ ಅದೂ ಇಲ್ಲ.

ಗೋಣಿಕೊಪ್ಪ ರಿಪೇರಿಯವ:
ನೆಟ್ ಇಲ್ಲದ ದಿನದ ಬಗ್ಗೆ ಹೇಳುವುದು ಮರೆತೆ. ಡಿಫೆಂಡರ್ ಹಳೇ ಪಟ್ಟಿಯಲ್ಲೇ ಕೆಲಸ ಮಾಡುತ್ತಿರುತ್ತದೆ, ನಿಲ್ಲುವುದಿಲ್ಲ. ಪಟ್ಟಿ ಮಾತ್ರ ಹಳತಾಗುತ್ತದೆ. ಹೊಸ ಪಟ್ಟಿ ಮೈಕ್ರೋಸಾಫ್ಟ್ ತಾಣದಲ್ಲಿ ಬೇರೆ ಫೈಲ್ ಆಗಿ ಸಿಗುತ್ತದೆ. ಪೇಟೆಯಲ್ಲಿ ನೆಂಟರ ಮನೆಯ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಬಂದು ಎರಡು ಸಲ ಒತ್ತಿದರೆ ಆಯಿತು. ಜೆರಾಕ್ಸ್ ಅಂಗಡಿಯಲ್ಲಿ ಬೇಡ ಮಾರಾಯ್ರೆ, ಮೇಷ್ಟ್ರು ಹೇಳಿದ್ದು ಕೇಳಿದಿರಲ್ಲ. ಅಷ್ಟು ಕಷ್ಟ ಬೇಡ ಅಂದರೆ, ನೆಟ್ ಬಂದ ದಿನ ಮೇಲ್ ತೆರೆಯುವ ಮೊದಲು ಅಪ್‌ಡೇಟ್ ಮುಗಿಸಿ. ‘ಆಫ್‌ಲೈನ್ ಸ್ಕ್ಯಾನ್’ ಅಂತಲೂ ಒಂದಿದೆ. ಅದು ನೆಟ್ ಇಲ್ಲದವರಿಗೆ ಅಂತ ಅಲ್ಲ, ವಿಂಡೋಸ್ ಏಳುವ ಮೊದಲೇ ಹುಡುಕುವುದು. ಕಾಲು ಗಂಟೆ ಹಿಡಿಯುತ್ತದೆ, ಮಧ್ಯೆ ಕರೆಂಟ್ ಹೋಗದ ಹೊತ್ತು ನೋಡಿ ಮಾಡಿ.

ನಾಪೋಕ್ಲು ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಹಳೆಯದನ್ನು ತೆಗೆದೆ, ಡಿಫೆಂಡರ್ ತಾನೇ ಎದ್ದಿತು. ಪೂರ್ತಿ ಸ್ಕ್ಯಾನ್‌ಗೆ ಮಧ್ಯಾಹ್ನ ಊಟ ಆದ ಮೇಲೆ ಹಾಕಿದ್ದು, ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಮಧ್ಯೆ ಒಂದು ಸಲ ಕರೆಂಟ್ ಹೋಗಿ ಯುಪಿಎಸ್ ಕೂಗಿತು, ಬಚಾವ್. ಕುಶಾಲನಗರದವರು ಹೇಳಿದ ಹಾಗೆ ನೋಡಿದರೆ ಬೆಳಿಗ್ಗೆ ಬರುವ ಕೆಂಪು ಎರಡು ಥರ ಇತ್ತು. ಒಂದು ಹಳೇ ಆಂಟಿವೈರಸ್‌ದು. ಇನ್ನೊಂದು ಬ್ರೌಸರ್‌ದು, ಮಗಳು ಹಾಡು ಇಳಿಸುವಾಗ ಯಾವುದೋ ತಾಣಕ್ಕೆ ‘ಅಲೋ’ ಒತ್ತಿದ್ದಳಂತೆ. ನೋಟಿಫಿಕೇಶನ್ ಪಟ್ಟಿಯಲ್ಲಿ ಅದನ್ನು ತೆಗೆದೆವು, ನಿಂತಿತು. ವಿಂಡೋಸ್ 11 ನಮ್ಮ ಮೆಷಿನ್‌ಗೆ ಆಗುವುದಿಲ್ಲ ಅಂತ ತೋರಿಸಿತು. ಅಪ್‌ಡೇಟ್ ಯೋಜನೆಗೆ ಸೇರಿಸಿದ್ದೇವೆ. ಬರುವ ಸಲ ಕಾಫಿ ಮಾರಿದಾಗ ಹೊಸದರ ಮಾತು ಅಂದರು ಮನೆಯವರು. ಹಾರ್ಡ್‌ಡಿಸ್ಕ್ ಬಂದಿದೆ. ಸ್ಟೀಲ್ ಡಬ್ಬಿ ಅತ್ತೆಯ ಚಕ್ಕುಲಿದು, ಇನ್ನೂ ಕೊಟ್ಟಿಲ್ಲ.