ಡಿಸೆಂಬರ್ ರಜೆಗೆ ಮಕ್ಕಳ ಜೊತೆ ಯಾವ ಮ್ಯೂಸಿಯಂ? ಹೋಗಿ ಬಂದವರು ಹೇಳಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಗಳಿಗೆ 11 ವರ್ಷ, ಮಗನಿಗೆ 7. ರಜೆಯಲ್ಲಿ ಹತ್ತಿರದ ಮ್ಯೂಸಿಯಂ ತೋರಿಸಬೇಕು ಅಂತಿದ್ದೇವೆ. "ಬರೀ ಕಲ್ಲು" ಅಂತ ಮಕ್ಕಳು ಬೇಗ ಬೇಸರ ಮಾಡಿಕೊಳ್ಳುತ್ತಾರೆ. ಏನು ಮಾಡಬೇಕು?

ಗದಗದಿಂದ: ಅಕ್ಕಾ, ಲಕ್ಕುಂಡಿಗೆ ಬನ್ನಿ. ಗದಗದಿಂದ ಸುಮಾರು 12 ಕಿ.ಮೀ. ಮ್ಯೂಸಿಯಂ ಇರುವುದು ಬ್ರಹ್ಮ ಜಿನಾಲಯದ ಮಗ್ಗುಲಲ್ಲೇ. ಆದರೆ ಮೊದಲೇ ಅದರೊಳಗೆ ಹೋಗಬೇಡಿ, ಊರು ಸುತ್ತಿ. ದಾನಕ್ಕೆ ಹೆಸರಾದ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಆ ಬಸದಿ, ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡ, ಮೆಟ್ಟಿಲು ಇಳಿದು ಹೋಗುವ ಮುಸುಕಿನ ಬಾವಿ ಎಲ್ಲ ನೋಡಿ. ಆಮೇಲೆ ಒಳಗೆ ಹೋದರೆ, ಅಲ್ಲಿಟ್ಟಿರುವ ಬಿಡಿ ಮೂರ್ತಿಗಳು ಗುಡಿಯಲ್ಲಿ ಎಂಥ ಜಾಗದಲ್ಲಿ ಇದ್ದಿರಬೇಕು ಅಂತ ಮಕ್ಕಳಿಗೇ ಹೊಳೆಯುತ್ತದೆ.

ಹೊರಡುವ ಮುಂಚೆ ಮನೆಯಲ್ಲೇ ವೀರಗಲ್ಲು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು, ನೋಡುವುದನ್ನು ಕಲಿಸಿ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಅಲ್ಲಿ ದನಗಳೂ ಇದ್ದರೆ, ಊರ ದನ ಬಿಡಿಸಿಕೊಳ್ಳಲು ಹೋರಾಡಿ ಸತ್ತವನು ಅಂತ ತಿಳಿಯಬಹುದು. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿರುತ್ತಾನೆ. ಬಳೆ ತೊಟ್ಟ ಕೈ ಮೇಲೆತ್ತಿದ ಹಾಗಿದ್ದರೆ ಅದು ಮಾಸ್ತಿಕಲ್ಲು, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಇಷ್ಟು ಗೊತ್ತಾದ ಮಗು ಕಲ್ಲಿನ ಮುಂದೆ ನಿಂತು ತಾನೇ ಕಥೆ ಹೇಳುತ್ತದೆ. ನಮ್ಮ ಕಡೆ ಎಷ್ಟೋ ಹಳ್ಳಿಗಳ ಗುಡಿ ಅಂಗಳದಲ್ಲೂ ಇವು ನಿಂತಿವೆ, ಯಾರೂ ತಿರುಗಿ ನೋಡುವುದಿಲ್ಲ. ನನಗೆ ಅದೇ ಸಂಕಟ.

ಡಿಸೆಂಬರ್ ಅಂದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೂ ಬಿಡಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಜಾಗ ಅದು. 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೂ ಸೇರಿತು. ದುರ್ಬೀನು ಇದ್ದರೆ ತನ್ನಿ. ದಂಡೆಯಲ್ಲಿ ಗದ್ದಲ ಬೇಡ.

ಧಾರವಾಡದಿಂದ: ಮಗಳಿಗೆ ಹಳಗನ್ನಡದ ಅಕ್ಷರ ತೋರಿಸಬೇಕು ಅಂದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣಕ್ಕೆ ಬನ್ನಿ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆಯ ಮ್ಯೂಸಿಯಂ ಇಲ್ಲಿದೆ. ಶಾಸನಗಳು, ಮೂರ್ತಿಗಳು ಇವೆ. ಒಂದೇ ಶಾಸನದಲ್ಲಿ ತನ್ನ ಹೆಸರಿನ ಅಕ್ಷರ ಹುಡುಕಲು ಹೇಳಿ, ಸಾಕು. ಕಚೇರಿ ರಜೆ ಇಲ್ಲದ ದಿನ, ಮೊದಲೇ ಫೋನ್ ಮಾಡಿ ಬರುವುದು ಒಳ್ಳೆಯದು.

ಹುಬ್ಬಳ್ಳಿಯಿಂದ: ಸಣ್ಣವನಿಗೆ ನಿಮ್ಮೂರಲ್ಲೇ ಇದೆಯಲ್ಲ! ಸ್ಟೇಷನ್ ಹತ್ತಿರದ ರೈಲ್ವೆ ಮ್ಯೂಸಿಯಂ, 2020ರಲ್ಲಿ ತೆರೆದದ್ದು. ಹೊರಗೆ ನ್ಯಾರೋ ಗೇಜ್ (ಕಿರಿದಾದ ಹಳಿಯ) ಎಂಜಿನ್, ಒಳಗೆ ಹಳೇ ರೈಲ್ವೆ ಸಾಮಾನು. ಬಿಸಿಲು ಇಳಿದ ಮೇಲೆ ಹೋಗಿ.