ಕೋಳಿ ‘ಒಗ್ಗುವುದು’, ‘ಗುರ್ತ ಆಗುವುದು’, ‘ಕೊಕ್ಕುವರಸೆ’: ಪದ ಕೇಳಿ

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ತಾಲೂಕಿನ ಗಂಗಾವಳಿ ದಂಡೆಯವನು. ನಮ್ಮ ಕೇರಿಯ ಹೆಂಗಸರ ಸಂಘಕ್ಕೆ, ಹಿತ್ತಲಲ್ಲಿ ಮೊದಲೇ ಇರುವ ಕೋಳಿಗಳ ಜೊತೆ ಹೊಸ ಕೋಳಿ ಬಿಡುವುದು ಹೇಗೆ ಎಂದು ಎರಡು ಪುಟ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ವಿಷಯ ಗೊತ್ತು, ಮಾತು ಸಿಗುತ್ತಿಲ್ಲ.

ಮೊದಲ ಸಾಲಿನಲ್ಲಿ ‘ಹೊಸ ಕೋಳಿ ಸೇರಿಸುವುದು’ ಎಂದು ಬರೆದೆ, ಹೊಡೆದು ಹಾಕಿದೆ. ‘ಸೇರಿಸು’ ಎಂದರೆ ಒಂದೇ ಸಲಕ್ಕೆ ಮುಗಿಯುವ ಕೆಲಸ. ಸಾರಿಗೆ ಉಪ್ಪು ಸೇರಿಸಿದ ಹಾಗೆ. ಕಳೆದ ಮಳೆಗಾಲ ಮುಗಿದ ಮೇಲೆ ಸಂತೆಯಿಂದ ನಾಲ್ಕು ಎಳೆ ಹೇಂಟೆ ತಂದು ನಾನು ಮಾಡಿದ್ದೂ ಅದನ್ನೇ. ಏಳು ಹಳೆಯ ಹೇಂಟೆ, ಒಂದು ಹುಂಜ ಇದ್ದ ಗೂಡಿಗೆ ಸಂಜೆಯೇ ಬಿಟ್ಟೆ. ಕತ್ತಲಲ್ಲಿ ಎಲ್ಲವೂ ಅಡ್ಡಗಳದ ಮೇಲೆ ಸುಮ್ಮನೆ ಕೂತವು. ಬೆಳಿಗ್ಗೆ ನೋಡಿದರೆ ಒಂದರ ಜುಟ್ಟು ಹರಿದು ರಕ್ತ. ಕೆಂಪು ಕಂಡಲ್ಲೇ ಉಳಿದವೂ ಕುಕ್ಕುತ್ತವೆ, ಅದು ಕೋಳಿಯ ಸ್ವಭಾವ. ಬೇರೆ ಮಾಡಿ ಅರಿಶಿನ ಹಚ್ಚಿದೆ, ಬದುಕಿತು. ಆ ಬೆಳಿಗ್ಗೆಯ ನೆನಪು ಇನ್ನೂ ನೋಯುತ್ತದೆ. ಸಂಘದ ಯಾರ ಮನೆಯಲ್ಲೂ ಹಾಗಾಗಬಾರದು ಎಂದೇ ಪದದ ಬಗ್ಗೆ ಇಷ್ಟು ಯೋಚನೆ.

ಪಕ್ಕದ ಮನೆಯ ಅಮ್ಮ ಬಂದು ನೋಡಿ, “ತಮಾ, ಅವಕ್ಕೆ ಇನ್ನೂ ಗುರ್ತ ಆಗ್ಲಿಲ್ಲ. ಗುರ್ತ ಆಗೂವರೆಗೆ ಕುಕ್ಕೂದೇ” ಎಂದರು. ನಾನು ಹುಡುಕುತ್ತಿದ್ದ ಮಾತು ಅಲ್ಲೇ ಇತ್ತು ಅನ್ನಿಸಿತು. ಪುಸ್ತಕದ ಕನ್ನಡದಲ್ಲಿ ‘ಗುರುತು’ ಎಂದರೆ ಚಿಹ್ನೆ, ಇಲ್ಲವೇ ಕಂಡದ್ದನ್ನು ಇಂಥದ್ದೇ ಎಂದು ಹಿಡಿಯುವುದು. ನಮ್ಮ ಕಡೆ ‘ಅವರ ಗುರ್ತ ನಂಗೆ ಅದೆ’ ಎಂದರೆ ಪರಿಚಯವಿದೆ ಎಂದೇ ಅರ್ಥ. ಕೋಳಿಯ ವಿಷಯಕ್ಕೆ ಈ ಎರಡೂ ಅರ್ಥ ಬೇಕು. ಕೋಳಿಗಳು ಒಂದನ್ನೊಂದು ಮುಖ್ಯವಾಗಿ ತಲೆ, ಜುಟ್ಟು ನೋಡಿ ಹಿಡಿಯುತ್ತವೆ. ಆ ಮುಖ ಹೊಸತಾಗಿರುವಷ್ಟು ದಿನ ಕಾದಾಟ.

ಅದಕ್ಕೇ ನಡುವೆ ತಡಿಕೆ ಅಥವಾ ತಂತಿಬಲೆ ಕಟ್ಟಿ ಒಂದೆರಡು ವಾರ ಬರೀ ನೋಡಲು ಬಿಡಬೇಕು, ಕೊಕ್ಕಿಗೆ ಸಿಗಬಾರದು. ಇದನ್ನು ‘ಗುರ್ತ ಮಾಡಿಸುವುದು’ ಎಂದು ಬರೆಯಲೇ? ನಮ್ಮವರಿಗೆ ಅರ್ಥವಾಗುತ್ತದೆ. ಶಿರಸಿ, ಸಿದ್ದಾಪುರದ ಕಡೆಯವರು, ಕುಂದಾಪುರದವರು ಓದಿದರೆ ಹೇಗೆ ಕೇಳಿಸುತ್ತದೆ?

‘ಒಗ್ಗು’ ಬೇರೆ. ‘ಆ ಊರಿನ ನೀರು ಒಗ್ಗಲಿಲ್ಲ’, ‘ಈ ಮದ್ದು ಮೈಗೆ ಒಗ್ಗೂದಿಲ್ಲ’ ಎನ್ನುತ್ತೇವೆ. ಜಾಗ, ನೀರು, ಹವೆ, ಕಾಳಿನ ಜೊತೆಗಿನ ಸಂಬಂಧ ಅದು. ಕೊಂಡು ತಂದ ಕೋಳಿಯ ಕಾಲಿಗೆ ಬಳ್ಳಿ ಕಟ್ಟಿ ನಾಲ್ಕು ದಿನ ಕಂಬದ ಹತ್ತಿರ ಬಿಡುತ್ತಿದ್ದರಲ್ಲ, ಮನೆ ಬಿಟ್ಟು ಓಡದಿರಲಿ ಎಂದು, ಅದು ಒಗ್ಗಿಸುವ ಕೆಲಸ. ಮನೆಗೆ ಒಗ್ಗಿದ ಕೋಳಿಗೂ ಉಳಿದ ಕೋಳಿಗಳ ಗುರ್ತ ಆಗಿರುವುದಿಲ್ಲ. ಎರಡಕ್ಕೂ ‘ಹೊಂದಿಕೊಳ್ಳು’ ಎಂದು ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಸಂಗತಿ: ಹಳಗನ್ನಡದಲ್ಲಿ ‘ಒಗ್ಗು’ ನಾಮಪದವೂ ಹೌದು, ಗುಂಪು ಎಂಬ ಅರ್ಥದಲ್ಲಿ. ‘ಒಗ್ಗೂಡು’ ಎಂಬಲ್ಲಿ ಅದು ಇನ್ನೂ ಉಸಿರಾಡುತ್ತಿದೆ.

ಎಲ್ಲಕ್ಕಿಂತ ಮೊದಲು, ಬಂದ ಕೋಳಿಯನ್ನು ಸುಮಾರು ಒಂದು ತಿಂಗಳು ಪೂರ್ತಿ ದೂರ ಇಡಬೇಕು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಂದು ಹೊಸ ಕೋಳಿಯ ಮೂಲಕ ಬಂದರೂ ಗೂಡೇ ಖಾಲಿಯಾದೀತು. ಇದಕ್ಕೆ ‘ದಿಗ್ಬಂಧನ’ ಬೇಡ. 2020ರ ನಂತರ ‘ಕ್ವಾರಂಟೈನ್’ ಎಲ್ಲರಿಗೂ ಗೊತ್ತು. ‘ಬೇರೆ ಇಡುವುದು’ ಎಂದರೂ ಸಾಕು.

ನಾನು ನಿಜವಾಗಿ ಸಿಕ್ಕಿಬಿದ್ದಿರುವುದು ಮುಂದಿನ ಪದದಲ್ಲಿ. ಯಾವ ಹೇಂಟೆ ಯಾವುದನ್ನು ಕುಕ್ಕಬಹುದು, ಕಾಳು ಚೆಲ್ಲಿದರೆ ಯಾವುದು ಮೊದಲು, ಅಡ್ಡಗಳದ ಒಳ್ಳೆಯ ಜಾಗ ಯಾವುದಕ್ಕೆ ಎಂಬ ಕಟ್ಟು ಪ್ರತಿ ಗೂಡಿನಲ್ಲೂ ಇರುತ್ತದೆ. ಇದನ್ನು ಗುರುತಿಸಿ ಬರೆದವನು ನಾರ್ವೆಯ ಥಾರ್ಲೀಫ್ ಷೆಲ್ಡರುಪ್-ಎಬ್ಬೆ, 1920ರ ದಶಕದ ಆರಂಭದಲ್ಲಿ. ಅವನು ಜರ್ಮನ್‌ನಲ್ಲಿ ಇಟ್ಟ ಹೆಸರು ‘ಹಾಕ್‌ಓರ್ಡ್‌ನುಂಗ್’. ಇಂಗ್ಲಿಷಿನ ‘ಪೆಕಿಂಗ್ ಆರ್ಡರ್’ ಅದರದ್ದೇ ಅನುವಾದ. ಅದನ್ನೇ ಮತ್ತೆ ಅನುವಾದಿಸಿ ‘ಕುಕ್ಕುವ ಶ್ರೇಣಿ’ ಎಂದರೆ ನಮ್ಮ ಸಂಘದಲ್ಲಿ ಯಾರೂ ಮುಂದಿನ ಸಾಲು ಓದುವುದಿಲ್ಲ.

‘ಸರದಿ’ ನೋಡಿದೆ, ‘ಪಾಳಿ’ ನೋಡಿದೆ. ಇವೆರಡರಲ್ಲೂ ಇಂದು ನಿನ್ನದು, ನಾಳೆ ನನ್ನದು ಎಂಬ ಭರವಸೆ ಇದೆ. ಕೆಳಗಿನ ಹೇಂಟೆಗೆ ಅಂಥ ನಾಳೆ ಇಲ್ಲ. ‘ಮೇಲುಕೀಳು’ ಅರ್ಥಕ್ಕೆ ಹತ್ತಿರ, ಆದರೆ ಮನುಷ್ಯರ ನಡುವೆ ಆ ಪದ ಮಾಡಿದ ಗಾಯ ದೊಡ್ಡದು. ಕೋಳಿಗೂಡಿನ ಸಹಜ ನಡವಳಿಕೆಗೆ ಅದನ್ನು ಅಂಟಿಸಲು ಮನಸ್ಸು ಬರಲಿಲ್ಲ.

ಕೊನೆಗೆ ಹೊಳೆದದ್ದು ‘ವರಸೆ’. ಸಂಗೀತ ಕಲಿಯುವ ಮಕ್ಕಳ ಸರಳೆ ವರಸೆ, ಜಂಟಿ ವರಸೆಗಳಲ್ಲಿ ಅದು ಕ್ರಮ. ‘ವರಸೆಯಲ್ಲಿ ಅವರು ಅತ್ತೆಯಾಗಬೇಕು’ ಎಂದಾಗ ನಂಟು. ಕತ್ತಿವರಸೆ, ದೊಣ್ಣೆವರಸೆಯಲ್ಲಿ ಕಾದಾಟದ ಪಟ್ಟು. ಗೂಡಿನಲ್ಲಿ ನಡೆಯುವುದು ಈ ಮೂರೂ. ಹಾಗಾಗಿ ‘ಕೊಕ್ಕುವರಸೆ’ ಎಂದು ಕಟ್ಟಿದ್ದೇನೆ. ‘ಹೊಸ ಕೋಳಿ ಬಂದರೆ ಕೊಕ್ಕುವರಸೆ ಮತ್ತೆ ಮೊದಲಿನಿಂದ ತೀರ್ಮಾನವಾಗಬೇಕು. ಹೇಂಟೆಗಳದ್ದು ಬೇರೆ, ಹುಂಜಗಳದ್ದು ಬೇರೆ.’ ಬಾಯಲ್ಲಿ ಹೇಳಿ ನೋಡಿ, ತೊಡರುತ್ತದೆಯೇ?

‘ಕುಕ್ಕು’ ಬಗ್ಗೆಯೂ ಒಂದು ಮಾತು. ಅದು ಹಗೆಯ ಪದ ಮಾತ್ರ ಅಲ್ಲ. ಮರಿಗಳು ಬೆಳೆದ ಮೇಲೆ ತಾಯಿಯೇ ಅವನ್ನು ಕುಕ್ಕಿ ದೂರ ಮಾಡುತ್ತದೆ. ಆಮೇಲೆ ಅವು ‘ತಾಯಿ ಬಿಟ್ಟ ಮರಿ’. ಆದ್ದರಿಂದ ಬರಹದಲ್ಲಿ, ಒಂದೆರಡು ಸಲ ಕುಕ್ಕಿದರೆ ನಡುವೆ ಹೋಗಬೇಡಿ, ರಕ್ತ ಬಂದರೆ ಮಾತ್ರ ಬೇರೆ ಮಾಡಿ ಎಂದು ಬರೆದಿದ್ದೇನೆ. ಕಾಳು, ನೀರು ಎರಡು ಮೂರು ಕಡೆ ಇಡಿ, ಒಂಟಿ ಕೋಳಿ ತರಬೇಡಿ, ಎರಡಾದರೂ ತನ್ನಿ ಎಂದೂ ಸೇರಿಸಿದ್ದೇನೆ.

ನಿಮ್ಮಿಂದ ಬೇಕಾದದ್ದು ಇಷ್ಟು. ‘ಗುರ್ತ’ ಪರಿಚಯದ ಅರ್ಥದಲ್ಲಿ ನಿಮ್ಮ ಊರಲ್ಲಿ ಇದೆಯೇ? ದನ ಕರುಗಳಿಗೂ ಅದನ್ನೇ ಹೇಳುತ್ತೀರಾ? ಎಲ್ಲರನ್ನೂ ಕುಕ್ಕುವ ಆ ಮೇಲಿನ ಹೇಂಟೆಗೆ ನಿಮ್ಮ ಅಜ್ಜಿಯರು ಏನೆನ್ನುತ್ತಿದ್ದರು? ಕಾರವಾರದ ಕೊಂಕಣಿ ಮನೆಮಾತಿನವರು ಕೊಂಬಿ, ಕೊಂಬೊಗಳ ಈ ಜಗಳಕ್ಕೆ ನಿಮ್ಮಲ್ಲಿ ಪದವಿದ್ದರೆ ಅದನ್ನೂ ಕೊಡಿ. ಬರಹವನ್ನು ಮುಂದಿನ ಮಳೆಯ ಒಳಗೆ ಕೊಡಬೇಕು. ಮಳೆ ಹಿಡಿದರೆ ಕೋಳಿಗಳು ದಿನವಿಡೀ ಗೂಡಲ್ಲೇ ಒತ್ತಿಕೊಂಡಿರುತ್ತವೆ, ಆಗ ಹೊಸದನ್ನು ತಂದರೆ ಓಡಿ ತಪ್ಪಿಸಿಕೊಳ್ಳಲೂ ಅದಕ್ಕೆ ಜಾಗವಿರುವುದಿಲ್ಲ.