ಪದಚರ್ಚೆ: ಲ್ಯಾನ್ ಮೂಲಕ ಗಣಕಗಳನ್ನು ನೋಡಿಕೊಳ್ಳುವ ತಂತ್ರಾಂಶ – ಫಲಕಕ್ಕೂ ಕೈಪಿಡಿಗೂ ಪದ ಬೇಕಾಗಿದೆ

ಪ್ರಶ್ನೆ: ಕಲಬುರಗಿಯ ಒಬ್ಬ ಅನುವಾದಕ

ಮಾನ್ಯರೆ,

ಇಲ್ಲಿನ ಪದವಿ ಕಾಲೇಜೊಂದರ ಗಣಕ ಪ್ರಯೋಗಾಲಯಕ್ಕೆ ಒಂದು ಫಲಕವನ್ನೂ ಒಂದು ಕಿರು ಕೈಪಿಡಿಯನ್ನೂ ಕನ್ನಡದಲ್ಲಿ ಸಿದ್ಧಪಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೈಪಿಡಿಗೆ ಇನ್ನೂ ಕಾಲಾವಕಾಶವಿದೆ. ಫಲಕದ ಬರಹ ಮಾತ್ರ ನಾಳೆ ಸಂಜೆಯೊಳಗೆ ಪೇಂಟರ್ ಕೈಸೇರಬೇಕು, ಅದೂ ಎರಡು ಸಾಲು ಮೀರುವಂತಿಲ್ಲ.

ಪ್ರಯೋಗಾಲಯದ ಮೂಲೆಯಲ್ಲಿ ಗಾಜಿನ ಗೋಡೆಯ ಚಿಕ್ಕ ಕೋಣೆಯಿದೆ. ಅಲ್ಲಿ ಕುಳಿತ ಬೋಧಕರು ವೇಯಾನ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಹೊರಗಿನ ಗಣಕಗಳ ಪರದೆಗಳನ್ನೆಲ್ಲ ಒಟ್ಟಿಗೆ ನೋಡುತ್ತಾರೆ. ತಮ್ಮ ಪರದೆಯನ್ನು ಎಲ್ಲರಿಗೂ ತೋರಿಸುತ್ತಾರೆ. ವಿದ್ಯಾರ್ಥಿಯ ಪರದೆಯನ್ನೂ ಮೌಸನ್ನೂ ತಡೆಹಿಡಿಯುತ್ತಾರೆ. ಬೆಳಗ್ಗೆ ಎಲ್ಲ ಗಣಕಗಳನ್ನೂ ಕುಳಿತಲ್ಲಿಂದಲೇ ಚಾಲೂ ಮಾಡಿ ಸಂಜೆ ಬಂದ್ ಮಾಡುತ್ತಾರೆ. ಈ ಕೋಣೆಗೆಂದು ನನಗೆ ಕಳುಹಿಸಲಾದ ಕರಡು ಬರಹ ಹೀಗಿದೆ: ‘ಸ್ಥಳೀಯ ಪ್ರದೇಶ ಜಾಲ ಗಣಕಯಂತ್ರ ನಿರ್ವಹಣಾ ತಂತ್ರಾಂಶ ನಿಯಂತ್ರಣ ಕೊಠಡಿ’. ಓದಿ ಮುಗಿಸುವಷ್ಟರಲ್ಲಿ ತರಗತಿಯ ಗಂಟೆ ಹೊಡೆದೀತು.

ಫಲಕದ ಜೊತೆಗೆ ಕೈಪಿಡಿಗಾಗಿ ಮೂರು ಪದಗಳ ಬಗ್ಗೆಯೂ ತಮ್ಮ ಸಲಹೆ ಬೇಕು: ಮಲಗಿದ ಗಣಕವನ್ನು ಲ್ಯಾನ್ (ಲೋಕಲ್ ಏರಿಯಾ ನೆಟ್‌ವರ್ಕ್, ಕಟ್ಟಡದೊಳಗಿನ ಗಣಕಗಳನ್ನು ಬೆಸೆಯುವ ಜಾಲ) ಮೂಲಕ ಎಚ್ಚರಗೊಳಿಸುವ ಕ್ರಿಯೆಗೆ, ಪರದೆಯನ್ನು ಲಾಕ್ ಮಾಡುವುದಕ್ಕೆ, ಮತ್ತು ಪ್ರತಿ ಗಣಕದೊಳಗೆ ಕುಳಿತು ಮೇಲಿನವರಿಗೆ ವರದಿ ಒಪ್ಪಿಸುವ ಏಜೆಂಟ್ ಎಂಬ ಚಿಕ್ಕ ತಂತ್ರಾಂಶಕ್ಕೆ ಏನೆನ್ನಬೇಕು?

ಉತ್ತರ: ಬೀದರ್, ನಿವೃತ್ತ ಕನ್ನಡ ಉಪನ್ಯಾಸಕರು

ತಾವು ಕಳುಹಿಸಿರುವುದು ಸಮಾಸವಲ್ಲ, ಸಾಮಾನಿನ ಪಟ್ಟಿ. ಆದರೆ ಅದರಲ್ಲೊಂದು ಗುಣವಿದೆ: ಕೊನೆಯ ‘ಕೊಠಡಿ’ಯೊಂದನ್ನು ಬಿಟ್ಟರೆ ಎಲ್ಲವೂ ಸಂಸ್ಕೃತ ಪದಗಳೇ ಆಗಿರುವುದರಿಂದ ಅರಿಸಮಾಸದ, ಅಂದರೆ ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಸಮಾಸದ, ದೋಷ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಇದನ್ನು ಕುಗ್ಗಿಸುವ ಭರದಲ್ಲಿ ಯಾರಾದರೂ ‘ಗಣಕ ಉಸ್ತುವಾರಿ’, ‘ಜಾಲ ಆಳ್ವಿಕೆ’ ಮುಂತಾದ ಬೆರಕೆಗಳನ್ನು ಸೂಚಿಸುವ ಮುನ್ನ ತಾವಿರುವ ಜಿಲ್ಲೆ ಯಾವುದೆಂಬುದನ್ನು ನೆನಪಿಟ್ಟುಕೊಳ್ಳಲಿ. ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸುವುದು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಕವಿರಾಜಮಾರ್ಗ ಎಚ್ಚರಿಸಿದ್ದು ಒಂಬತ್ತನೆಯ ಶತಮಾನದಲ್ಲಿ, ಸೇಡಂ ತಾಲೂಕಿನ ಇಂದಿನ ಮಳಖೇಡದಿಂದ ಆಳಿದ ದೊರೆಯ ಆಸ್ಥಾನದಲ್ಲಿ. ಕಲಬುರಗಿಯವರೇ ಆ ಮಾತನ್ನು ಮರೆತರೆ ಮತ್ತಾರಿಗೆ ಹೇಳೋಣ?

ಹಾಗಾಗಿ ನನ್ನ ಸಲಹೆ ‘ಗಣಕಜಾಲ ನಿಯಂತ್ರಣ ಕೇಂದ್ರ’. ಏಜೆಂಟ್ ಎಂಬುದಕ್ಕೆ ‘ಮಧ್ಯವರ್ತಿ’ ಸಾಕು.

ಉತ್ತರ: ಯಾದಗಿರಿ, ಕಚೇರಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುವವರು

ಪದ ಕಟ್ಟುವ ಮುನ್ನ ಆ ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು ಒಬ್ಬರಾದರೂ ಗಮನಿಸಬೇಕಿತ್ತು.

‘ಸ್ಥಳೀಯ ಪ್ರದೇಶ ಜಾಲ’ ಎಂಬುದರಲ್ಲಿ ‘ಪ್ರದೇಶ’ ಯಾವುದು? ಒಂದು ಕಟ್ಟಡ, ಒಂದೆರಡು ಸ್ವಿಚ್ಚು, ನೂರು ಮೀಟರಿಗಿಂತ ಉದ್ದ ಎಳೆಯಬಾರದ ತಾಮ್ರದ ಕೇಬಲ್ಲು, ಇಷ್ಟೇ ಅದರ ವ್ಯಾಪ್ತಿ. ಕನ್ನಡದಲ್ಲಿ ‘ಪ್ರದೇಶ’ವೆಂದರೆ ಓದುವವರಿಗೆ ಹೋಬಳಿಯೋ ತಾಲೂಕೋ ನೆನಪಾಗುತ್ತದೆ. ‘ಸ್ಥಳೀಯ’ ಎಂದ ಮೇಲೆ ‘ಪ್ರದೇಶ’ ದಂಡಕ್ಕೆ. ಇನ್ನು ‘ಜಾಲ’. ಪತ್ರಿಕೆ ಓದುವ ಹುಡುಗರಿಗೆ ಜಾಲವೆಂದರೆ ಮಟ್ಕಾ ಜಾಲ, ನಕಲಿ ಅಂಕಪಟ್ಟಿಯ ಜಾಲ. ‘ಗಣಕಜಾಲ ನಿಯಂತ್ರಣ ಕೇಂದ್ರ’ ಎಂಬ ಫಲಕ ಕಂಡರೆ ಒಳಗೆ ಪೊಲೀಸರು ಕುಳಿತಿದ್ದಾರೆಂದು ತಿಳಿದಾರು.

ಅಸಲು ತೊಂದರೆ ‘ನಿಯಂತ್ರಣ’ದಲ್ಲಿದೆ. ಪ್ರಶ್ನಿಸಿದವರು ಹೇಳಿದ ಕೆಲಸಗಳಲ್ಲಿ ಎರಡು ಬಗೆಯಿವೆ. ಪರದೆ ನೋಡುವುದು ಒಂದು. ಅದನ್ನು ತಡೆಹಿಡಿಯುವುದು, ದೂರದಿಂದ ಮೌಸ್ ಹಿಡಿಯುವುದು, ಬಂದ್ ಮಾಡುವುದು ಇನ್ನೊಂದು. ಮೊದಲನೆಯದು ವಿದ್ಯಾರ್ಥಿಯ ಖಾಸಗಿತನಕ್ಕೆ ಸಂಬಂಧಿಸಿದ್ದು, ಎರಡನೆಯದು ಆತನ ಕೆಲಸಕ್ಕೆ. ವೇಯಾನ್ ಕೂಡ ಈ ಭೇದ ಬಲ್ಲದು: ದೂರದಿಂದ ನೋಡುವುದಕ್ಕೂ ದೂರದಿಂದ ನಿಯಂತ್ರಿಸುವುದಕ್ಕೂ ಅದರಲ್ಲಿ ಬೇರೆ ಬೇರೆ ಆಯ್ಕೆಗಳಿವೆ. ಜೊತೆಗೆ, ಯಾರಿಗೆ ಪ್ರವೇಶ ಎಂಬ ನಿಯಮ ಬರೆಯುವಾಗ, ಗಣಕದ ಮುಂದೆ ಕುಳಿತವನನ್ನು ಮೊದಲು ಕೇಳಿ ಆತ ಒಪ್ಪಿದರೆ ಮಾತ್ರ ಬಿಡು ಎಂದು ಹೊಂದಿಸಬಹುದು. ತಂತ್ರಾಂಶವೇ ಬೇರ್ಪಡಿಸಿಟ್ಟದ್ದನ್ನು ನಾವು ‘ನಿಯಂತ್ರಣ’ವೆಂಬ ಒಂದೇ ಮಾತಿನಲ್ಲಿ ಮುಚ್ಚಿಬಿಟ್ಟರೆ, ತನ್ನ ಪರದೆಯನ್ನು ಬೇರೊಬ್ಬರು ನೋಡುತ್ತಿದ್ದಾರೆ ಎಂಬ ಸಂಗತಿ ಫಲಕ ಓದಿದ ಹುಡುಗಿಗೆ ತಿಳಿಯುವುದೇ ಇಲ್ಲ.

ಎಚ್ಚರಗೊಳಿಸುವುದಕ್ಕೆ ‘ಎಬ್ಬಿಸು’ ಎನ್ನಿ; ‘ಜಾಗೃತಗೊಳಿಸು’ ಬೇಡ, ಅದು ಸ್ವಚ್ಛತಾ ಜಾಥಾದ ಮಾತು. ‘ಎಬ್ಬಿಸು’ ಎಷ್ಟು ಸರಿ ಎಂಬುದು ಅದರ ಬಗೆ ತಿಳಿದರೆ ಮನದಟ್ಟಾಗುತ್ತದೆ. ಗಣಕ ಬಂದ್ ಆಗಿದ್ದರೂ ಅದರ ನೆಟ್‌ವರ್ಕ್ ಕಾರ್ಡಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತಲೇ ಇರುತ್ತದೆ, ಹಿಂಬದಿಯ ಹಸಿರು ದೀಪವೂ ಎಷ್ಟೋ ಸಲ ಮಿನುಗುತ್ತಿರುತ್ತದೆ. ಆ ಕಾರ್ಡು ಲ್ಯಾನ್‌ನಲ್ಲಿ ಹರಿದುಬರುವ ಪೊಟ್ಟಣಗಳಲ್ಲಿ (ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕುಗಳಲ್ಲಿ) ತನ್ನ ಗುರುತಿಗಾಗಿ ಕಾಯುತ್ತದೆ. ಬೋಧಕರ ಗಣಕ ಕಳುಹಿಸುವ ಪೊಟ್ಟಣದಲ್ಲಿ ಮೊದಲು ಎಲ್ಲ ಬಿಟ್‌ಗಳೂ 1 ಆಗಿರುವ 6 ಬೈಟ್‌ಗಳು, ಅನಂತರ ಎಬ್ಬಿಸಬೇಕಾದ ಗಣಕದ 6 ಬೈಟ್‌ಗಳ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) 16 ಸಲ, ಒಟ್ಟು 102 ಬೈಟ್‌ಗಳು ಇರುತ್ತವೆ. ಹೆಸರನ್ನು ಮತ್ತೆ ಮತ್ತೆ ಕೂಗಿ ಎಬ್ಬಿಸುವುದೇ ಇದು. ಮಲಗಿದ ಗಣಕಕ್ಕೆ ಐಪಿ ವಿಳಾಸ ಹಿಡಿದು ಕರೆದರೆ ಓಗೊಡುವ ಸ್ಥಿತಿ ಇರುವುದಿಲ್ಲವಾದ್ದರಿಂದ ಈ ಕೂಗನ್ನು ಸಾಮಾನ್ಯವಾಗಿ ಲ್ಯಾನ್‌ನಲ್ಲಿರುವ ಎಲ್ಲರಿಗೂ ಕೇಳುವಂತೆ ಹಾಕಬೇಕಾಗುತ್ತದೆ. ಅಂಥ ಕೂಗನ್ನು ರೂಟರ್‌ಗಳು ತಾವಾಗಿ ಆಚೆ ದಾಟಿಸುವುದಿಲ್ಲ. ಗಣಕ ಚಾಲೂ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಅನುಮತಿ ಇಲ್ಲದಿದ್ದರೆ ಎಷ್ಟು ಕೂಗಿದರೂ ಏಳದು ಎಂಬ ಒಂದು ಸಾಲನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ.

ಏಜೆಂಟ್ ಎಂಬುದು ಏಜೆಂಟ್ ಆಗಿಯೇ ಇರಲಿ. 1988ರಲ್ಲಿ ಬಂದ, ನೆಟ್‌ವರ್ಕ್ ಸಾಧನಗಳನ್ನು ನೋಡಿಕೊಳ್ಳುವ ನಿಯಮಾವಳಿಯಾದ ಎಸ್‌ಎನ್‌ಎಂಪಿ ಕಾಲದಿಂದಲೂ ಈ ಕ್ಷೇತ್ರದಲ್ಲಿ ಮ್ಯಾನೇಜರ್ ಕೇಳುತ್ತದೆ, ಏಜೆಂಟ್ ಉತ್ತರಿಸುತ್ತದೆ. ‘ಮಧ್ಯವರ್ತಿ’ ಎಂದು ಬರೆದರೆ, ಮಧ್ಯವರ್ತಿಗಳಿಗೆ ಪ್ರವೇಶವಿಲ್ಲ ಎಂಬ ಸರಕಾರಿ ಕಚೇರಿಗಳ ಫಲಕವನ್ನು ದಿನವೂ ಓದುವ ಜನ ಅದನ್ನು ಗಣಕದಿಂದ ತೆಗೆದುಹಾಕಿಯಾರು.

ಉತ್ತರ: ಕಲಬುರಗಿ, ಅಚ್ಚಗನ್ನಡದ ಒಲವಿನವರು

ಸಂಸ್ಕೃತ ಬೇಡ, ಇಂಗ್ಲಿಶ್ ಇರಲಿ ಎಂಬ ವಾದ ಇದೀಗ ಶುರುವಾಯಿತು. ಎರಡೂ ಹೊರಗಿನವೇ. ಬೇರಿನಿಂದ ಪದ ಕಟ್ಟಿದರೆ ಹುಡುಗರು ತಾವಾಗಿಯೇ ಕಲಿಯುತ್ತಾರೆ. ಹತ್ತಿರದ ಗಣಕಗಳನ್ನು ಬೆಸೆಯುವ ಬಲೆಯಾದ್ದರಿಂದ ಲ್ಯಾನ್‌ಗೆ ‘ನೆರೆಬಲೆ’, ಗಣಕಕ್ಕೆ ‘ಎಣ್ಣುಕ’, ನಿರ್ವಹಣೆಗೆ ‘ಆರಯ್ಕೆ’. ಫಲಕ: ‘ನೆರೆಬಲೆ ಎಣ್ಣುಕಗಳ ಆರಯ್ಕೆಯ ಕೋಣೆ’. ಬೀದರ್‌ನವರ ಅರಿಸಮಾಸಕ್ಕೂ ಇಲ್ಲಿ ಎಡೆಯಿಲ್ಲ. ಅಲ್ಲದೆ ‘ಗಣಕ’ವೆಂದರೆ ಸಂಸ್ಕೃತದಲ್ಲಿ ಲೆಕ್ಕ ಹಾಕುವ ಮನುಷ್ಯ, ಜೋಯಿಸ, ಯಂತ್ರವಲ್ಲ.

ಉತ್ತರ: ಯಾದಗಿರಿ (ಮೇಲಿನವರೇ)

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಊರುಗಳಿಗೆ ನುಗ್ಗಿದ್ದನ್ನು ಕಂಡ ಜಿಲ್ಲೆಗಳಲ್ಲಿ ‘ನೆರೆ’ ಎಂಬ ಪದ ಯಾವ ಅರ್ಥದಲ್ಲಿ ಓದಲ್ಪಡುತ್ತದೆ ಎಂಬುದನ್ನು ಯೋಚಿಸಿ. ‘ನೆರೆಬಲೆ’ಯ ಕೋಣೆಗೆ ಹುಡುಗರು ದೋಣಿ ಹುಡುಕಿಕೊಂಡು ಬಂದಾರು. ‘ಆರಯ್ಕೆ’ ಬಾಣಂತಿಗೆ ಇರಲಿ.

ಗಣಕವೆಂದರೆ ಮನುಷ್ಯ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಇಂಗ್ಲಿಶ್‌ನ ಕಂಪ್ಯೂಟರ್ ಕೂಡ ಯಂತ್ರ ಬರುವ ಮೊದಲು ಲೆಕ್ಕ ಹಾಕುವ ಮನುಷ್ಯನ ಹೆಸರೇ ಆಗಿತ್ತು.

ಉತ್ತರ: ಬೀದರ್ (ನಿವೃತ್ತ ಉಪನ್ಯಾಸಕರು)

‘ಎಣ್ಣುಕ’ವನ್ನು ಚರ್ಚೆಗೆ ಯೋಗ್ಯವೆಂದು ನಾನು ಭಾವಿಸುವುದಿಲ್ಲ. ಆದರೆ ಯಾದಗಿರಿಯವರು ‘ನಿಯಂತ್ರಣ’ವನ್ನು ತಳ್ಳಿಹಾಕಿ ಅದರ ಜಾಗದಲ್ಲಿ ಏನನ್ನೂ ಇಟ್ಟಿಲ್ಲ. ಇನ್ನು ಯಾರಾದರೂ ಬಂದು ‘ಉಸ್ತುವಾರಿ’ ಎಂದೇ ಅನ್ನುತ್ತಾರೆ, ನನಗೆ ಗೊತ್ತು. ಅದು ಪಾರಸಿಯಿಂದ ಬಂದದ್ದು. 1948ರ ಸೆಪ್ಟೆಂಬರ್ 17ರಂದು ಕೊನೆಗೊಂಡ ನಿಜಾಮರ ಆಳ್ವಿಕೆಯಲ್ಲಿ ನಮ್ಮ ಭಾಗದ ಕಚೇರಿಗಳಲ್ಲಿ ಉರ್ದು ನಡೆಯಿತು. ಆ ಕಾಲ ಕಳೆದ ಮೇಲೂ ದಫ್ತರದ ಪದಗಳನ್ನು ಹೊತ್ತು ತಿರುಗುವ ಚಾಳಿ ನಮಗೇ ಏಕೆ ಅಂಟಿದೆಯೋ ತಿಳಿಯದು.

ಉತ್ತರ: ಕಲಬುರಗಿ, ಸರಕಾರಿ ಪತ್ರಗಳ ಅನುವಾದಕರು

ಉಸ್ತುವಾರಿ ನಮಗೆ ಮಾತ್ರ ಅಂಟಿದ ಪದವೇನಲ್ಲ. ಜಿಲ್ಲಾ ಉಸ್ತುವಾರಿ ಸಚಿವರು ಮೈಸೂರಿನಲ್ಲೂ ಇದ್ದಾರೆ, ಮಂಗಳೂರಿನಲ್ಲೂ ಇದ್ದಾರೆ. ನಿಜಾಮರ ಆಳ್ವಿಕೆಗೂ ಇದಕ್ಕೂ ಗಂಟು ಹಾಕುವುದು ಪದದ ಇತಿಹಾಸವಲ್ಲ, ಊರಿನ ಸಿಟ್ಟು. ಅದಿರಲಿ, ಉಪನ್ಯಾಸಕರು ದಿನವೂ ಬಳಸುವ ‘ಜಿಲ್ಲಾಧಿಕಾರಿ’ಯನ್ನೇ ಬಿಡಿಸಿ ನೋಡಲಿ: ಅರಬ್ಬಿಯಿಂದ ಬಂದ ‘ಜಿಲ್ಲಾ’, ಸಂಸ್ಕೃತದ ‘ಅಧಿಕಾರಿ’, ನಡುವೆ ಸವರ್ಣದೀರ್ಘ ಸಂಧಿ. ಇದರಿಂದ ಹಾಲು ಒಡೆದದ್ದನ್ನು ಯಾರೂ ಕಂಡಿಲ್ಲ. ಸ್ವತಃ ಹಳೆಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗೂ ಗಮಕ, ಕ್ರಿಯಾಸಮಾಸಗಳಿಗೂ ಈ ದೋಷದಿಂದ ವಿನಾಯಿತಿ ಕೊಟ್ಟಿದ್ದಾನೆ. ಕನ್ನಡದ ‘ಮಳೆ’ಗೆ ಸಂಸ್ಕೃತದ ‘ಕಾಲ’ ಸೇರಿದ ‘ಮಳೆಗಾಲ’ವಂತೂ ಶಾಲೆಯ ವ್ಯಾಕರಣ ಪುಸ್ತಕಗಳಲ್ಲೇ ಆದೇಶ ಸಂಧಿಗೆ ಉದಾಹರಣೆಯಾಗಿ ಕೂತಿದೆ.

ಆದರೆ ಇಲ್ಲಿ ಆ ವಿನಾಯಿತಿಯೂ ಬೇಕಿಲ್ಲ, ಏಕೆಂದರೆ ಸಮಾಸ ಮಾಡಲೇಬೇಕೆಂದು ಯಾರೂ ಹೇಳಿಲ್ಲ. ‘ಗಣಕಗಳ ಉಸ್ತುವಾರಿ’ ಎಂದರೆ ಷಷ್ಠೀ ವಿಭಕ್ತಿ ಉಳಿದಿರುತ್ತದೆ. ವಿಭಕ್ತಿ ಲೋಪವಾಗದಿದ್ದಲ್ಲಿ ಸಮಾಸವಿಲ್ಲ, ಸಮಾಸವಿಲ್ಲದಲ್ಲಿ ಅರಿಸಮಾಸವೆಲ್ಲಿಯದು? ಇಂಗ್ಲಿಶ್‌ನಲ್ಲಿ ನಾಮಪದಗಳನ್ನು ಒಂದರ ಹಿಂದೊಂದು ಇಟ್ಟರೆ ಅರ್ಥವಾಗುತ್ತದೆ. ನಾವು ಅದೇ ಕ್ರಮದಲ್ಲಿ ಜೋಡಿಸಿ ಪ್ರತ್ಯಯಗಳನ್ನೆಲ್ಲ ಕಳಚಿಬಿಟ್ಟರೆ ಯಾವುದು ಯಾವುದಕ್ಕೆ ಸಂಬಂಧಿಸಿದ್ದೆಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ. ಕರಡು ಬರಹದಲ್ಲಿ ನಿರ್ವಹಣೆ ನಡೆಯುವುದು ಜಾಲದ್ದೋ ಗಣಕದ್ದೋ, ನಿಯಂತ್ರಣ ತಂತ್ರಾಂಶದ ಮೇಲೋ ತಂತ್ರಾಂಶದಿಂದಲೋ, ಬರೆದವರಿಗೂ ಗೊತ್ತಿರಲಿಕ್ಕಿಲ್ಲ. ಪದ ಸಂಸ್ಕೃತದ್ದೋ ಪಾರಸಿಯದೋ ಎಂಬುದಕ್ಕಿಂತ ಈ ಪ್ರತ್ಯಯಗಳ ಲೋಪವೇ ನಮ್ಮ ಫಲಕಗಳನ್ನು ಹೆಚ್ಚು ಕೆಡಿಸಿದೆ. ಇದನ್ನು ಸರಕಾರಿ ಸುತ್ತೋಲೆಗಳಲ್ಲಿ ದಿನವೂ ಕಾಣುತ್ತೇನೆ.

ನೋಡುವುದನ್ನೂ ತಡೆಯುವುದನ್ನೂ ಬೇರ್ಪಡಿಸಬೇಕೆಂಬ ಯಾದಗಿರಿಯವರ ಮಾತು ಸರಿಯಾಗಿದೆ. ಉಸ್ತುವಾರಿ ಎರಡನ್ನೂ ಒಳಗೊಳ್ಳುತ್ತದಾದ್ದರಿಂದ ಕೋಣೆಯ ಹೆಸರಿಗೆ ಅದು ಒಪ್ಪುತ್ತದೆ. ಪರದೆ ನೋಡಲಾಗುತ್ತದೆ ಎಂಬುದನ್ನು ಎರಡನೆಯ ಸಾಲಿನಲ್ಲಿ ಕ್ರಿಯಾಪದ ಹಾಕಿ ಪೂರ್ಣ ವಾಕ್ಯವಾಗಿ ಬರೆಯಿರಿ. ಫಲಕದಲ್ಲಿ ವಾಕ್ಯ ಬರಬಾರದೆಂಬ ನಿಯಮವಿಲ್ಲ.

ಲಾಕ್ ಮಾಡುವುದಕ್ಕೆ ‘ಕೀಲಿ ಹಾಕು’. ಇದರಲ್ಲೊಂದು ತೊಡಕಿದೆ: ನಮ್ಮ ಕಡೆ ಕೀಲಿಯೆಂದರೆ ಬೀಗ, ತೆರೆಯುವುದು ಕೀಲಿಕೈ, ದಕ್ಷಿಣದವರಿಗೆ ಕೀಲಿಯೆಂದರೆ ತೆರೆಯುವ ಸಾಧನ, ಅವರ ಲೆಕ್ಕದಲ್ಲೇ ‘ಕೀಲಿಮಣೆ’ ಹುಟ್ಟಿದೆ. ಕೈಪಿಡಿಯಲ್ಲಿ ‘ಕೀಲಿಮಣೆಗೆ ಕೀಲಿ ಹಾಕಲಾಗಿದೆ’ ಎಂದು ಬಂದರೆ ಅವರು ನಗುತ್ತಾರೆ. ಕೀಲಿಮಣೆಯನ್ನು ಕೀಬೋರ್ಡ್ ಎನ್ನಿ, ಲಾಕಿಗೆ ನಮ್ಮ ‘ಕೀಲಿ’ಯನ್ನೇ ಇಟ್ಟುಕೊಳ್ಳಿ; ಪ್ರಯೋಗಾಲಯ ಇರುವುದು ಕಲಬುರಗಿಯಲ್ಲಿ.

ಉತ್ತರ: ಕಲಬುರಗಿ, ಅಚ್ಚಗನ್ನಡದ ಒಲವಿನವರು

ಪಾರಸಿಯೂ ಆಯಿತು, ಅರಬ್ಬಿಯೂ ಆಯಿತು. ಕನ್ನಡ ಮಾತ್ರ ‘ಗಳ’ ಎಂಬ ಪ್ರತ್ಯಯದಲ್ಲಿ ಉಳಿಯಿತು.

ಪ್ರಶ್ನಿಸಿದವರು

ಎಲ್ಲರಿಗೂ ವಂದನೆಗಳು. ಫಲಕದ ಬರಹವನ್ನು ಹೀಗೆ ಕಳುಹಿಸಿದ್ದೇನೆ:

‘ಪ್ರಯೋಗಾಲಯದ ಗಣಕಗಳ ಉಸ್ತುವಾರಿ ಕೋಣೆ
ಇಲ್ಲಿಂದ ನಿಮ್ಮ ಪರದೆಯನ್ನು ಬೋಧಕರು ನೋಡುತ್ತಾರೆ’

ಲ್ಯಾನ್ ಎಂಬುದನ್ನು ಫಲಕದಿಂದ ಕೈಬಿಟ್ಟಿದ್ದೇನೆ; ಕೋಣೆಯ ಮುಂದೆ ನಿಂತವರಿಗೆ ಯಾವ ತಂತಿಯಿಂದ ನೋಡುತ್ತಾರೆ ಎಂಬುದು ಬೇಕಿಲ್ಲ. ಕೈಪಿಡಿಯಲ್ಲಿ ಲ್ಯಾನ್, ಏಜೆಂಟ್, ಕೀಬೋರ್ಡ್ ಹಾಗೆಯೇ ಇರುತ್ತವೆ. ಎಬ್ಬಿಸು, ಬಂದ್ ಮಾಡು, ಕೀಲಿ ಹಾಕು ಕ್ರಿಯಾಪದಗಳಾಗಿ ಬರುತ್ತವೆ. ಬೋಧಕರ ಗಣಕದಲ್ಲಿರುವ ಭಾಗವನ್ನು ವೇಯಾನ್ ಮಾಸ್ಟರ್ ಎಂದು ಕರೆಯುತ್ತದೆ. ಅದಕ್ಕೆ ‘ಒಡೆಯ’ ಎಂದು ಒಬ್ಬರು ನನಗೆ ಖಾಸಗಿಯಾಗಿ ಬರೆದು ಸೂಚಿಸಿದ್ದಾರೆ; ನಾನು ‘ಬೋಧಕರ ಗಣಕ’ ಎಂದಷ್ಟೇ ಬರೆಯಲಿದ್ದೇನೆ.

ಉತ್ತರ: ಬೀದರ್ (ನಿವೃತ್ತ ಉಪನ್ಯಾಸಕರು)

‘ಉಸ್ತುವಾರಿ ಕೋಣೆ’ ಎಂಬಲ್ಲಿ ವಿಭಕ್ತಿ ಲೋಪವಾಗಿದೆ. ‘ಉಸ್ತುವಾರಿಯ ಕೋಣೆ’ ಎಂದಾಗಬೇಕು. ಪೇಂಟರ್ ಇನ್ನೂ ಶುರುಮಾಡಿರದಿದ್ದರೆ ತಿಳಿಸಿ.